ಅರ್ಧ ಗಂಟೆ, ನೆಟ್ಟಗೆ

ಜಲಸಂಧಿಯ ಮೇಲೆ ಹನ್ನೊಂದು ವರ್ಷ
ಫೆರಿ ಹಡಗಿನ ಡೆಕ್ಕು ತೊಳೆದವನು ನಾನು.
ಪುಂಟಾ ಅರೆನಾಸ್‌ನಿಂದ ಪೋರ್ವೆನಿರ್‌ಗೆ ಎರಡು ಗಂಟೆ ದಾರಿ,
ಅಷ್ಟರಲ್ಲಿ ಕುರಿ ವ್ಯಾಪಾರಿ, ಪಾದ್ರಿ, ಮದುಮಗಳು,
ಎಲ್ಲರೂ ಒಮ್ಮೆಯಾದರೂ ನನ್ನ ಬಕೆಟ್ಟಿಗೆ ತಲೆಬಾಗಿದವರೇ.
ವಾಂತಿ ಎಂದರೆ ನನಗೆ ನೀರು, ಪೊರಕೆ, ಒಂದು ಹಿಡಿ ಮರದ ಪುಡಿ.
ಅಷ್ಟೇ.

ಒಟೀಲಿಯಾ ಹುಟ್ಟುವವರೆಗೆ.

ಆರು ವಾರದ ಕೂಸು. ಹಸಿವಿಗೆ ಅಳುತ್ತಾಳೆ.
ಮೊಲೆ ಕೊಟ್ಟರೆ ನಾಲ್ಕು ಗುಟುಕು ಆತುರಾತುರ,
ಐದನೆಯದಕ್ಕೆ ಬೆನ್ನು ಬಿಲ್ಲಾಗಿ ಹಿಂದಕ್ಕೆ ಸೆಟೆದು
ಕಿರುಚುತ್ತಾಳೆ, ಅಮ್ಮನ ಎದೆಯೇ ಸುಟ್ಟ ಹಾಗೆ.
ಕುಡಿದದ್ದೆಲ್ಲ ವಾಪಸು ಬರುತ್ತದೆ
ಬಾಯಿಂದಲೂ ಮೂಗಿನಿಂದಲೂ,
ಬೆಚ್ಚಗೆ, ಹುಳಿ ಹುಳಿಯಾಗಿ, ನನ್ನ ಕಾಲರಿನೊಳಕ್ಕೆ.
ಆಮೇಲೆ ಮತ್ತೆ ಹಸಿವು.
ಬೇಕು ಎನ್ನುವ ಬಾಯಿ, ಬೇಡ ಎನ್ನುವ ಗಂಟಲು,
ಎರಡಕ್ಕೂ ಸೇರಿ ಒಂದು ಮೊಳದ ಮೈ.

ಎದೆಲ್ಮೀರಾ ಮಾತಾಡುವುದು ಬಿಟ್ಟಿದ್ದಾಳೆ.
ಒದ್ದೆ ಬಟ್ಟೆ ಎಣಿಸುತ್ತಾಳೆ: ಹದಿನಾಲ್ಕು, ಹದಿನೈದು.
ಈ ಊರ ಗಾಳಿಗೆ ಹೊರಗೆ ಒಣಹಾಕಿದರೆ
ಮಗುವಿನ ಅಂಗಿ ಅರ್ಜೆಂಟೀನಾದಲ್ಲಿ ಸಿಕ್ಕೀತು.
ಹಾಗಾಗಿ ಒಲೆಯ ಸುತ್ತ ಹಗ್ಗ, ಮನೆಯೆಲ್ಲ
ಮೊಸರಾಗಲು ಹೊರಟು ಮನಸ್ಸು ಬದಲಿಸಿದ ಹಾಲಿನ ವಾಸನೆ.
"ನನ್ನ ಹಾಲೇ ಸರಿಯಿಲ್ಲ" ಅಂದಳು ಒಮ್ಮೆ, ಗೋಡೆಗೆ.
ಗೋಡೆಯೂ ಸುಮ್ಮನಿತ್ತು, ನಾನೂ ಸುಮ್ಮನಿದ್ದೆ.

ಅತ್ತೆ ಚಿಲೊಯೆ ದ್ವೀಪದವಳು. ದೃಷ್ಟಿ ತಗುಲಿದೆ ಅಂತ
ಕೂಸಿನ ಮಣಿಕಟ್ಟಿಗೆ ಕೆಂಪು ನೂಲು ಕಟ್ಟಿದಳು.
ಬೋರಲು ಮಲಗಿಸಿ, ನಿಂತು ಹೋಗುತ್ತದೆ ಎಂದಳು.
ನರ್ಸ್ ಯಾಸ್ನಾ, ನೂಲು ಇರಲಿ, ಬೋರಲು ಬೇಡ ಎಂದಳು,
ಎಷ್ಟು ಕಕ್ಕಿದರೂ ಮಲಗುವುದು ಅಂಗಾತವೇ.
ತಕ್ಕಡಿಯಲ್ಲಿಟ್ಟಳು. ವಾರಕ್ಕೆ ನಲವತ್ತು ಗ್ರಾಂ.
ನಮ್ಮ ಹಡಗಿನ ಟಿಕೆಟ್ಟಿನ ಕಟ್ಟು ಅದಕ್ಕಿಂತ ಭಾರ.
ಹೊಟ್ಟೆಯ ಬಾಗಿಲಿಗೆ ಇನ್ನೂ ಚಿಲಕ ಬಿಗಿಯಾಗಿಲ್ಲ,
ಉರಿಯ ನೆನಪಿಗೆ ಮಗು ಹಾಲಿಗೇ ಹೆದರುತ್ತದೆ ಎಂದಳು.
ಸ್ವಲ್ಪ ಸ್ವಲ್ಪ ಕೊಡಿ, ಬಲವಂತ ಬೇಡ,
ಕುಡಿದ ಮೇಲೆ ಅರ್ಧ ಗಂಟೆ ನೆಟ್ಟಗೆ ಹಿಡಿಯಿರಿ,
ಮುಂದಿನ ವಾರವೂ ತೂಕ ಏರದಿದ್ದರೆ ದೊಡ್ಡ ಡಾಕ್ಟರು.
ಆಮೇಲೆ ಎದೆಲ್ಮೀರಾಳ ಕಡೆ ತಿರುಗಿ
ನಿಮ್ಮ ಹಾಲಿಗೆ ಏನೂ ಆಗಿಲ್ಲ, ಎಂದಳು.
ನಾನು ಹೇಳಬೇಕಿದ್ದ ಮಾತು.

ಅರ್ಧ ಗಂಟೆ ಎಷ್ಟು ಉದ್ದ ಗೊತ್ತೇ?
ರಾತ್ರಿ ಮೂರು. ತಗಡಿನ ಮಾಡು ಗಾಳಿಗೆ ಹಲ್ಲು ಕಡಿಯುತ್ತಿದೆ.
ಕಿಟಕಿಯಾಚೆ, ಚೌಕದ ಮೂಲೆಯಲ್ಲಿ ಕಟ್ಟಿದ ಹಗ್ಗ,
ಗಾಳಿ ಜೋರಾದ ದಿನ ಜನ ಹಿಡಿದು ನಡೆಯಲಿ ಎಂದು.
ನನ್ನ ಕುತ್ತಿಗೆಗೆ ಅವಳ ಒದ್ದೆ ಕೆನ್ನೆ,
ಅವಳ ಮುಷ್ಟಿಯಲ್ಲಿ ನನ್ನ ಬನಿಯನ್ನು.
ಯಾರು ಯಾರಿಗೆ ಹಗ್ಗವೋ.
ಕಾಲಗಲಿಸಿ, ಅಲೆ ಬಂದ ಹಾಗೆ ತೂಗುತ್ತೇನೆ
ಅಲುಗದ ನೆಲದ ಮೇಲೆ.
ಇಪ್ಪತ್ತೆರಡನೆಯ ನಿಮಿಷ. ಅವಳ ಬೆನ್ನೊಳಗೆ ಗುಳ್ಳೆಯೊಂದು ಏರುವುದು
ಅಂಗೈಗೆ ಕೇಳಿಸಿತು.
ತೇಗು. ಹಡಗಿನ ಹಾರ್ನಿನಂಥ ತೇಗು.
ಅದರ ಹಿಂದೆಯೇ ಹಾಲು ಬರುತ್ತದೆಂದು ಕಾದೆ.
ಬರಲಿಲ್ಲ.
ಎದೆಲ್ಮೀರಾಳನ್ನು ಎಬ್ಬಿಸಿ ಹೇಳಬೇಕೆನಿಸಿತು. ಎಬ್ಬಿಸಲಿಲ್ಲ.
ಐದಕ್ಕೆ ಎಲ್ಲ ಬಂತು, ಅದು ಬೇರೆ ಮಾತು.

ಇವತ್ತು ಜಲಸಂಧಿಯ ನಡುವೆ ಅಲೆ ಎದ್ದಿತು.
ಕಂಬಿಗೆ ಆತುಕೊಂಡು ಒಬ್ಬ ಹೆಂಗಸು,
ದಪ್ಪ ಕೋಟು, ವಯಸ್ಸು ಅರವತ್ತರ ಮೇಲೆ.
ಬಕೆಟ್ಟು ಇಟ್ಟು ಮುಂದೆ ಹೋಗುವವನು, ನಿಂತೆ.
ನನ್ನ ಕೈ ತಾನಾಗಿ ಅವಳ ಬೆನ್ನಿಗೆ ಹೋಗಿ
ಕೆಳಗಿನಿಂದ ಮೇಲಕ್ಕೆ, ಮೆಲ್ಲಗೆ, ಸವರತೊಡಗಿತು.
ಅವಳು ತಿರುಗಿದಳು. ಮುಖ ನೋಡಲಿಲ್ಲ,
ನನ್ನ ಹೆಗಲ ಮೇಲಿನ ಬಿಳಿ ಕಲೆ ನೋಡಿದಳು.
"ಎಷ್ಟು ತಿಂಗಳು?" ಎಂದಳು,
ಬಾಯಿ ಒರೆಸಿಕೊಳ್ಳುತ್ತ.